ಮಕ್ಕಳು ಕೈಬಿಟ್ಟರೆ ಎಸಿ ಕಚೇರಿಗೆ ಅರ್ಜಿ: 2007ರ ಹಿರಿಯ ನಾಗರಿಕರ ಕಾಯ್ದೆಯನ್ನು ಬಳಸುವ ಬಗೆ

ಮನೆ ಬರೆದುಕೊಟ್ಟ ಮೇಲೆ ಮಗ ಊಟಕ್ಕೂ ಕರೆಯುತ್ತಿಲ್ಲ ಎಂಬ ದೂರು ಮೊದಲು ಊರ ಹಿರಿಯರ ಬಳಿ ಹೋಗುತ್ತದೆ, ಆಮೇಲೆ ಪೊಲೀಸ್ ಠಾಣೆಗೆ, ಕೊನೆಗೆ ವಕೀಲರ ಕಚೇರಿಗೆ. ಅಷ್ಟರಲ್ಲಿ ವರ್ಷವೆರಡು ಕಳೆದಿರುತ್ತದೆ. ಹೋಗಬೇಕಾದ ಜಾಗ ಇನ್ನೊಂದಿದೆ: ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ ಪ್ರಕಾರ ಎಸಿಯವರೇ ಜೀವನಾಂಶ ನ್ಯಾಯಮಂಡಳಿಯ ಅಧ್ಯಕ್ಷರು. ಕರ್ನಾಟಕದಲ್ಲಿ ಈ ಕಾಯ್ದೆ ಜಾರಿಗೆ ಬಂದದ್ದು 2008ರ ಏಪ್ರಿಲ್ 1ರಂದು. ಈ ತಾರೀಖನ್ನು ನೆನಪಿಟ್ಟುಕೊಳ್ಳಿ, ಆಸ್ತಿಯ ಮಾತು ಬಂದಾಗ ಬೇಕಾಗುತ್ತದೆ.

ಸಿವಿಲ್ ಕೋರ್ಟಿನಲ್ಲಿ ದಾವೆ ಮುಗಿಯುವ ಹೊತ್ತಿಗೆ ಎಪ್ಪತ್ತೈದು ವರ್ಷದ ಅರ್ಜಿದಾರರು ಉಳಿದಿರುತ್ತಾರೋ ಇಲ್ಲವೋ ಎಂಬ ಲೆಕ್ಕದಲ್ಲೇ ಸರ್ಕಾರ ಈ ಅಧಿಕಾರವನ್ನು ಕಂದಾಯ ಅಧಿಕಾರಿಗೆ ಕೊಟ್ಟಿದೆ. ಅದರಿಂದ ವಿಚಾರಣೆ ಚುಟುಕಾಗಿ ನಡೆಯುತ್ತದೆ, ವಕೀಲರಿಲ್ಲದೆಯೂ ಅರ್ಜಿ ಹಾಕಬಹುದು. ಆದರೆ ಎಸಿಯವರ ಮೇಜಿನ ಮೇಲೆ ಭೂ ವ್ಯಾಜ್ಯ, ಚುನಾವಣೆ, ನೆರೆ ಪರಿಹಾರ ಎಲ್ಲವೂ ಇರುತ್ತವೆ. ಅವುಗಳ ನಡುವೆ ನಿಮ್ಮ ಕಡತ ಅಡಿಗೆ ಬೀಳದಂತೆ ನೋಡಿಕೊಳ್ಳುವ ಕೆಲಸ ನಿಮ್ಮದೇ.

ಯಾರು ಕೇಳಬಹುದು, ಯಾರನ್ನು ಕೇಳಬಹುದು

ಅರ್ಧಕ್ಕರ್ಧ ಅರ್ಜಿಗಳು ಎಡವುವುದು ಇಲ್ಲೇ. 60 ತುಂಬಿದ ಭಾರತೀಯ ನಾಗರಿಕರು 'ಹಿರಿಯ ನಾಗರಿಕರು'. ಆದರೆ ತಂದೆತಾಯಿಗೆ ಈ ವಯಸ್ಸಿನ ಕಟ್ಟು ಇಲ್ಲ. 54 ವರ್ಷದ ತಾಯಿಯೂ ಮಗನಿಂದ ಜೀವನಾಂಶ ಕೇಳಬಹುದು. ಹೆತ್ತವರು, ದತ್ತು ಪಡೆದವರು, ಮಲತಾಯಿ, ಮಲತಂದೆ ಎಲ್ಲರೂ ಈ ಮಾತಿನೊಳಗೆ ಬರುತ್ತಾರೆ. ಆದರೆ ಬರೆದುಕೊಟ್ಟ ಆಸ್ತಿಯನ್ನು ವಾಪಸ್ ಪಡೆಯುವ ಸೆಕ್ಷನ್ 23 ಹೇಳುವುದು 'ಹಿರಿಯ ನಾಗರಿಕ' ಎಂದು ಮಾತ್ರ. ಆ ಪರಿಹಾರಕ್ಕೆ 60 ಆಗಿರಲೇಬೇಕು.

ಎದುರುದಾರರ ಪಟ್ಟಿಯಲ್ಲಿ ಮಗ, ಮಗಳು, ಪ್ರಾಯಕ್ಕೆ ಬಂದ ಮೊಮ್ಮಗ, ಮೊಮ್ಮಗಳು ಇರಬಹುದು. ಮಗಳಿಗೆ ಮದುವೆಯಾಗಿದೆ ಎಂಬುದು ವಿನಾಯಿತಿಯಲ್ಲ. ಸೊಸೆ ಮತ್ತು ಅಳಿಯ 'ಮಕ್ಕಳು' ಎಂಬ ವ್ಯಾಖ್ಯೆಯಲ್ಲಿ ಇಲ್ಲ. ಅವರಿಂದ ಜೀವನಾಂಶ ಕೇಳಿದ ಅರ್ಜಿ ಆ ಮಟ್ಟಿಗೆ ಬಿದ್ದುಹೋಗುತ್ತದೆ. ಮಕ್ಕಳಿಲ್ಲದವರು 'ಸಂಬಂಧಿ'ಯ ಮೇಲೆ ಅರ್ಜಿ ಹಾಕಬಹುದು. ಸಂಬಂಧಿ ಅಂದರೆ ದೂರದ ನೆಂಟರೆಲ್ಲ ಅಲ್ಲ. ಈಗ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ವಾರಸುದಾರಿಕೆಯಲ್ಲಿ ಪಡೆಯಲಿರುವ ಕಾನೂನುಬದ್ಧ ವಾರಸುದಾರ ಮಾತ್ರ. ಅಂಥವರು ಹಲವರಿದ್ದರೆ ಆಸ್ತಿಯಲ್ಲಿ ಎಷ್ಟು ಪಾಲೋ ಜೀವನಾಂಶದಲ್ಲೂ ಅಷ್ಟೇ ಪಾಲು.

ಮೂವರು ಮಕ್ಕಳಿದ್ದು ಒಬ್ಬನ ಮೇಲೆ ಮಾತ್ರ ಅರ್ಜಿ ಹಾಕಿದರೆ ಅವನು ಉಳಿದಿಬ್ಬರನ್ನು ಕೇಸಿಗೆ ಎಳೆಯಬಹುದು, ಕಾಯ್ದೆಯೇ ಅವನಿಗೆ ಆ ಅವಕಾಶ ಕೊಟ್ಟಿದೆ. ಆಗ ಅವರಿಗೆಲ್ಲ ಹೊಸದಾಗಿ ನೋಟಿಸ್ ಹೋಗಬೇಕು, ತಿಂಗಳುಗಳು ಜಾರುತ್ತವೆ. ಒಳ್ಳೆಯವಳಾದ ಮಗಳನ್ನು ಕೇಸಿಗೆ ಸೇರಿಸಲು ಮನಸ್ಸು ಒಪ್ಪುವುದಿಲ್ಲ, ನಿಜ. ಆದರೂ ಎಲ್ಲರ ಹೆಸರನ್ನೂ ಬರೆದು, 'ಇವಳು ತನ್ನ ಪಾಲಿನದನ್ನು ನೋಡಿಕೊಳ್ಳುತ್ತಿದ್ದಾಳೆ' ಎಂದು ಅರ್ಜಿಯಲ್ಲೇ ಹೇಳುವುದು ಜಾಣತನ.

ಎರಡು ಬೇಡಿಕೆ, ಎರಡು ಲೆಕ್ಕ

ತಿಂಗಳ ಖರ್ಚಿಗೆ ಹಣ ಬೇಕೇ, ಬರೆದುಕೊಟ್ಟ ಆಸ್ತಿ ವಾಪಸ್ ಬೇಕೇ, ಎರಡೂ ಬೇಕೇ ಎಂಬುದು ಮೊದಲು ನಿಮ್ಮ ಮನಸ್ಸಿನಲ್ಲೇ ಖಚಿತವಾಗಲಿ. ಇವೆರಡಕ್ಕೂ ಸಾಬೀತುಪಡಿಸಬೇಕಾದ ಸಂಗತಿಗಳು ಬೇರೆ ಬೇರೆ. ಒಂದೇ ಅರ್ಜಿಯಲ್ಲಿ ಎರಡನ್ನೂ ಕೇಳಬಹುದು, ಆದರೆ ಬೇರೆ ಬೇರೆ ಪ್ಯಾರಾಗಳಲ್ಲಿ ಬರೆದು, ಕೊನೆಯಲ್ಲಿ ಕೋರಿಕೆಗಳನ್ನು ಬಿಡಿಬಿಡಿಯಾಗಿ ಕೊಡಿ. 'ನನಗೆ ನ್ಯಾಯ ದೊರಕಿಸಿಕೊಡಬೇಕು' ಎಂದಷ್ಟೇ ಬರೆದರೆ 'ಮಗನಿಗೆ ಬುದ್ಧಿ ಹೇಳಲಾಗಿದೆ' ಎಂಬ ಹಿಂಬರಹದೊಂದಿಗೆ ಕಡತ ಮುಕ್ತಾಯವಾಗುವ ಸಂಭವವೇ ಹೆಚ್ಚು.

ಜೀವನಾಂಶಕ್ಕೆ ತೋರಿಸಬೇಕಾದ್ದು ಒಂದೇ: ನಿಮ್ಮ ಸ್ವಂತ ದುಡಿಮೆ ಅಥವಾ ಆಸ್ತಿಯಿಂದ ನಿಮ್ಮ ಬದುಕು ಸಾಗುತ್ತಿಲ್ಲ. ಊಟ, ಬಟ್ಟೆ, ವಸತಿ, ಔಷಧೋಪಚಾರ ಎಲ್ಲವೂ ಜೀವನಾಂಶದೊಳಗೆ ಬರುತ್ತವೆ. ಒಂದು ತಿಂಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಹೀಗೆ ಬರೆಯಿರಿ: ಬಾಡಿಗೆ 3,500, ದಿನಸಿ, ಹಾಲು, ಗ್ಯಾಸ್ 4,000, ಔಷಧಿ 2,800, ಕರೆಂಟು, ನೀರು 600, ಆಸ್ಪತ್ರೆ ಓಡಾಟ 600. ಒಟ್ಟು 11,500. ಸಂಧ್ಯಾ ಸುರಕ್ಷಾ ಪಿಂಚಣಿ 1,200 ಬರುತ್ತಿದ್ದರೆ ಅದನ್ನು ಕಳೆದು 10,300 ಎಂದು ತೋರಿಸಿ. ಪಿಂಚಣಿಯನ್ನು ಮುಚ್ಚಿಡಬೇಡಿ. ಎದುರುದಾರ ಬ್ಯಾಂಕ್ ಪಾಸ್‌ಬುಕ್ ಹಾಜರುಪಡಿಸಿದ ದಿನ ಉಳಿದೆಲ್ಲ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಔಷಧಿ ಅಂಗಡಿಯ ಮೂರು ತಿಂಗಳ ಬಿಲ್, ವೈದ್ಯರ ಚೀಟಿ, ಬಾಡಿಗೆ ಕರಾರು ಜೊತೆಗಿರಲಿ.

ನ್ಯಾಯಮಂಡಳಿ ಕೊಡಿಸಬಹುದಾದ ಗರಿಷ್ಠ ಜೀವನಾಂಶ ತಿಂಗಳಿಗೆ 10,000 ರೂಪಾಯಿ. 2007ರಲ್ಲಿ ಹಾಕಿದ ಮಿತಿ ಇದು. ಅದನ್ನು ತೆಗೆದುಹಾಕುವ ಮಸೂದೆ 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು, ಕಾನೂನಾಗಲಿಲ್ಲ. ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವವರಿಗೆ ಈ ಹಣ ಯಾವ ಮೂಲೆಗೂ ಸಾಲದು. ಅಂಥವರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144ರ ದಾರಿ ಹಿಡಿಯಬಹುದು. ಅದು ಕೋರ್ಟಿನ ದಾರಿ, ಅಲ್ಲಿ ಗರಿಷ್ಠ ಮಿತಿ ಇಲ್ಲ. ಇದು ಹಳೆಯ ಸಿಆರ್‌ಪಿಸಿ 125ರ ಈಗಿನ ರೂಪ. ಆದರೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು, ಎರಡೂ ಕಡೆ ಜೀವನಾಂಶ ಕೇಳುವಂತಿಲ್ಲ. ಮಗನ ಸಂಬಳ ದೊಡ್ಡದಿದ್ದು ನಿಮ್ಮ ಖರ್ಚೂ ದೊಡ್ಡದಿದ್ದರೆ ಕೋರ್ಟೇ ಸರಿ. ಬೇಗ ಏನಾದರೂ ಕೈಗೆ ಸಿಗಬೇಕು ಎನ್ನುವವರಿಗೆ ಎಸಿ ಕಚೇರಿ. ಗಂಡ ಹೆಂಡತಿ ಇಬ್ಬರಿಗೂ ಬೇಕಿದ್ದರೆ ಎರಡು ಪ್ರತ್ಯೇಕ ಅರ್ಜಿ ಹಾಕಿ. ಜಂಟಿ ಅರ್ಜಿಯಲ್ಲಿ ಇಬ್ಬರಿಗೂ ಸೇರಿ ಒಂದೇ ಮೊತ್ತ ನಿಗದಿಯಾಗುವ ಅಪಾಯವಿದೆ.

ದಾನಪತ್ರದ ಆ ಒಂದು ಸಾಲು

ಆಸ್ತಿ ವಾಪಸಾತಿಯ ಪೂರ್ತಿ ಜಗಳ ನಿಂತಿರುವುದು ಒಂದು ಷರತ್ತಿನ ಮೇಲೆ. ಸೆಕ್ಷನ್ 23 ಹೇಳುವುದು ಇಷ್ಟು: ಕಾಯ್ದೆ ಜಾರಿಯಾದ ಮೇಲೆ ಹಿರಿಯ ನಾಗರಿಕರು ದಾನವಾಗಿಯೋ ಬೇರೆ ರೀತಿಯಲ್ಲೋ ಆಸ್ತಿ ವರ್ಗಾಯಿಸಿದ್ದು, ಪಡೆದವನು ಅವರ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿಗೆ ಆ ವರ್ಗಾವಣೆ ಒಳಪಟ್ಟಿದ್ದು, ಅವನು ನೋಡಿಕೊಳ್ಳದೆ ಹೋದರೆ, ಆ ವರ್ಗಾವಣೆ ಮೋಸ, ಬಲವಂತ ಅಥವಾ ಅನುಚಿತ ಪ್ರಭಾವದಿಂದ ಆದದ್ದೆಂದು ಭಾವಿಸಿ ನ್ಯಾಯಮಂಡಳಿ ಅದನ್ನು ಶೂನ್ಯವೆಂದು ಘೋಷಿಸಬಹುದು. ದಾನಪತ್ರ ಮಾತ್ರವಲ್ಲ, ಹಕ್ಕು ಬಿಡುಗಡೆ ಪತ್ರವೂ ಇದರೊಳಗೆ ಬರಬಹುದು. 2008ರ ಏಪ್ರಿಲ್‌ಗಿಂತ ಹಿಂದಿನ ಪತ್ರಗಳಿಗೆ ಇದು ಅನ್ವಯಿಸುವುದಿಲ್ಲ. ಜೀವನಾಂಶದಂತೆ ಇಲ್ಲಿ 'ನನಗೆ ಬದುಕಲು ಗತಿಯಿಲ್ಲ' ಎಂದು ತೋರಿಸಬೇಕೆಂಬ ಮಾತು ಈ ಸೆಕ್ಷನ್ನಿನಲ್ಲಿ ಇಲ್ಲ.

ಕಗ್ಗಂಟಿರುವುದು ದಾನಪತ್ರದ ಬರವಣಿಗೆಯಲ್ಲಿ. ಪತ್ರ ಬರಹಗಾರರು ರೂಢಿಯಂತೆ ಬರೆಯುವುದು 'ಪ್ರೀತಿ ವಿಶ್ವಾಸದಿಂದ ದಾನ ಮಾಡಿರುತ್ತೇನೆ' ಎಂದು. ನೋಡಿಕೊಳ್ಳಬೇಕು ಎಂಬ ಮಾತು ಪತ್ರದಲ್ಲಿ ಬರುವುದೇ ಇಲ್ಲ, ಏಕೆಂದರೆ ಆ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಗ ಪಕ್ಕದಲ್ಲೇ ನಿಂತಿರುತ್ತಾನೆ, ಅಂಥದ್ದನ್ನು ಬರೆಸುವುದು ಅಪಶಕುನ ಅನ್ನಿಸುತ್ತದೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿತು: ಷರತ್ತು ಇತ್ತೆಂದು ಸಾಬೀತಾಗದಿದ್ದರೆ ಸೆಕ್ಷನ್ 23 ಕೆಲಸ ಮಾಡದು, ಮಗ ತಂದೆತಾಯಿಯನ್ನು ನೋಡಿಕೊಳ್ಳುವುದು ಸಹಜ ತಾನೇ ಎಂಬ ಊಹೆ ಸಾಲದು. 2025ರ ಜನವರಿಯಲ್ಲಿ ಬಂದ ಇನ್ನೊಂದು ತೀರ್ಪು ಸ್ವಲ್ಪ ಬಾಗಿಲು ತೆರೆಯಿತು. ಮಧ್ಯಪ್ರದೇಶದ ಆ ಪ್ರಕರಣದಲ್ಲಿ ದಾನಪತ್ರದ ಜೊತೆಗೇ ಮಗ ಬರೆದುಕೊಟ್ಟಿದ್ದನೆನ್ನಲಾದ ವಚನಪತ್ರವೊಂದಿತ್ತು. ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆ, ಧಾರಾಳವಾಗಿ ಅರ್ಥೈಸಬೇಕು ಎಂದು ನ್ಯಾಯಾಲಯ ದಾನಪತ್ರದ ರದ್ದತಿಯನ್ನು ಎತ್ತಿಹಿಡಿಯಿತು, ಸ್ವಾಧೀನವನ್ನೂ ತಾಯಿಗೆ ಕೊಡಿಸಿತು.

ಹಾಗಾಗಿ ಪತ್ರದಲ್ಲಿ ಷರತ್ತು ಕಾಣದಿದ್ದರೆ ಕೂಡಲೇ ಕೈಚೆಲ್ಲಬೇಡಿ, ಹುಡುಕಿ. ಅದೇ ದಿನ ಅಥವಾ ಆಸುಪಾಸಿನಲ್ಲಿ ಬರೆದ ಕರಾರು, ಛಾಪಾ ಕಾಗದದ ಮೇಲಿನ ಒಪ್ಪಿಗೆ, ಪಂಚಾಯಿತಿಕೆಯ ಬರಹ, ಮಗ ಕಳಿಸಿದ ವಾಟ್ಸ್ಆ್ಯಪ್ ಸಂದೇಶ, ಸಹಿ ಹಾಕಿದ ಸಾಕ್ಷಿಗಳ ಹೇಳಿಕೆ, ಎಲ್ಲವನ್ನೂ ಕಲೆಹಾಕಿ. ದಾನಪತ್ರದ ಕೊನೆಯ ಪುಟಗಳನ್ನು ತಾಳ್ಮೆಯಿಂದ ಓದಿ. 'ದಾನಿಯು ಜೀವಿತಾವಧಿಯವರೆಗೆ ವಾಸವಾಗಿರತಕ್ಕದ್ದು' ಎಂಬಂಥ ಸಾಲು ಎಲ್ಲೋ ಅಡಗಿದ್ದರೆ ಅದೇ ನಿಮ್ಮ ವಾದದ ಬುಡ. ಯಾವ ಕುರುಹೂ ಇಲ್ಲದೆ, ನಿಜಕ್ಕೂ ಮೋಸದಿಂದಲೇ ಸಹಿ ಹಾಕಿಸಿಕೊಂಡಿದ್ದರೆ ಅದು ಸಿವಿಲ್ ಕೋರ್ಟಿನ ವಿಷಯ. ಮೋಸ ಗೊತ್ತಾದಂದಿನಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಎಸಿ ಕಚೇರಿಗೆ ಅಲೆಯುತ್ತ ಆ ಮೂರು ವರ್ಷ ಕಳೆದುಕೊಂಡರೆ ಎರಡು ದಾರಿಯೂ ಮುಚ್ಚಿದಂತೆ.

ಇನ್ನೊಂದು ತಪ್ಪು ಆಗಾಗ ನಡೆಯುತ್ತದೆ. ಸಬ್‌ರಿಜಿಸ್ಟ್ರಾರ್ ಬಳಿ ಹೋಗಿ ದಾನಿಯೊಬ್ಬರೇ 'ದಾನಪತ್ರ ರದ್ದತಿ ಪತ್ರ' ನೋಂದಾಯಿಸಿ ನಿರಾಳವಾಗುತ್ತಾರೆ. ಪೂರ್ಣಗೊಂಡ ದಾನವನ್ನು ಹೀಗೆ ಏಕಪಕ್ಷೀಯವಾಗಿ ಹಿಂಪಡೆಯಲು ಬರುವುದಿಲ್ಲ, ಆ ಪತ್ರ ಕೋರ್ಟಿನಲ್ಲಿ ನಿಲ್ಲುವುದೂ ಇಲ್ಲ. ಖರ್ಚಿನ ಮೇಲೆ ಖರ್ಚು, ಅಷ್ಟೇ.

ಇನ್ನೂ ಬರೆದುಕೊಟ್ಟಿಲ್ಲದವರಿಗೆ ನಮ್ಮ ಸಲಹೆ ನೇರ: ದಾನಪತ್ರ ಬೇಡ, ವಿಲ್ ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ, ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು. ದಾನಪತ್ರವೇ ಆಗಬೇಕು ಎಂಬ ಒತ್ತಾಯವಿದ್ದರೆ ಈ ಧಾಟಿಯ ಸಾಲನ್ನು ಸೇರಿಸಲು ಪಟ್ಟುಹಿಡಿಯಿರಿ: 'ದಾನ ಪಡೆದವರು ದಾನಿಗೆ ಜೀವಿತಾವಧಿಯವರೆಗೆ ಊಟ, ವಸತಿ, ಔಷಧೋಪಚಾರ ಹಾಗೂ ಇತರ ಮೂಲಭೂತ ಅಗತ್ಯಗಳನ್ನು ಒದಗಿಸತಕ್ಕದ್ದು, ಈ ಷರತ್ತಿಗೆ ಒಳಪಟ್ಟು ಈ ದಾನ ಮಾಡಲಾಗಿದೆ, ತಪ್ಪಿದಲ್ಲಿ 2007ರ ಕಾಯ್ದೆಯ ಸೆಕ್ಷನ್ 23ರಂತೆ ದಾನಪತ್ರವನ್ನು ರದ್ದುಪಡಿಸಿಕೊಳ್ಳುವ ಹಕ್ಕು ದಾನಿಗೆ ಇರುತ್ತದೆ.'

ಅರ್ಜಿ ಸಲ್ಲಿಸುವುದು

ನೀವು ಈಗ ವಾಸವಿರುವ, ಹಿಂದೆ ಕೊನೆಯದಾಗಿ ವಾಸವಿದ್ದ, ಇಲ್ಲವೇ ಮಗ ಅಥವಾ ಮಗಳು ಇರುವ ಜಿಲ್ಲೆ, ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಮಗ ಬೆಂಗಳೂರಿನಲ್ಲಿದ್ದು ನೀವು ಹಾವೇರಿಯಲ್ಲಿದ್ದರೆ ಹಾವೇರಿಯಲ್ಲೇ ಹಾಕಿ, ಓಡಾಡುವ ಕಷ್ಟ ಅವನಿಗಿರಲಿ. ನಡೆಯಲಾಗದ ಸ್ಥಿತಿಯಲ್ಲಿದ್ದರೆ ನೀವು ಅಧಿಕಾರ ಕೊಟ್ಟ ಬೇರೆ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಹಾಕಬಹುದು. ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಲೂ ಅವಕಾಶವಿದೆ, ಆದರೆ ಅದನ್ನು ನಂಬಿ ಕೂರಬೇಡಿ.

ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದರೆ ಸಾಕು. ವಯಸ್ಸಿನ ದಾಖಲೆಗೆ ಆಧಾರ್ ಒಂದನ್ನೇ ನೆಚ್ಚಬೇಡಿ. ಹುಟ್ಟಿದ ದಿನ ಜನವರಿ 1 ಎಂದು ಅಂದಾಜಿನಲ್ಲಿ ನಮೂದಾದ ಕಾರ್ಡುಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ, ಎದುರುದಾರ ಅದನ್ನೇ ಹಿಡಿದುಕೊಳ್ಳುತ್ತಾನೆ. ಶಾಲಾ ದಾಖಲೆ, ಮತದಾರರ ಚೀಟಿ, ಪಿಂಚಣಿ ಆದೇಶ ಇವುಗಳಲ್ಲಿ ಇನ್ನೊಂದು ಜೊತೆಗಿರಲಿ. ಸಂಬಂಧ ತೋರಿಸಲು ವಂಶವೃಕ್ಷ ಅಥವಾ ರೇಷನ್ ಕಾರ್ಡ್. ಆಸ್ತಿಯ ಕೇಸಾದರೆ ದಾನಪತ್ರದ ದೃಢೀಕೃತ ನಕಲು, ಈಗಿನ ಪಹಣಿ ಅಥವಾ ಖಾತೆ, ಮತ್ತು ಅರ್ಜಿ ಹಾಕುವ ವಾರವೇ ತೆಗೆಸಿದ ಇಸಿ, ಅಂದರೆ ಆಸ್ತಿಯ ಮಾರಾಟ, ಅಡಮಾನಗಳ ವಿವರವಿರುವ ಋಣಭಾರ ಪ್ರಮಾಣಪತ್ರ. ಇಸಿ ಯಾಕೆಂದರೆ ಮಗ ಆ ಜಾಗವನ್ನು ಆಗಲೇ ಮಾರಿರಬಹುದು, ಬ್ಯಾಂಕಿಗೆ ಅಡವಿಟ್ಟಿರಬಹುದು. ವಿಷಯ ತಿಳಿಯದೆ ಹಣ ಕೊಟ್ಟು ಕೊಂಡವರ ವಿರುದ್ಧ ಆ ಆಸ್ತಿಯಿಂದ ಜೀವನಾಂಶ ಪಡೆಯುವ ಹಕ್ಕನ್ನು ಚಲಾಯಿಸಲು ಕಾಯ್ದೆ ಬಿಡುವುದಿಲ್ಲ. ಹಾಗಾಗಿ ಅರ್ಜಿಯ ಜೊತೆಗೇ, ತೀರ್ಮಾನವಾಗುವವರೆಗೆ ಆಸ್ತಿ ಪರಭಾರೆ ಮಾಡಬಾರದೆಂಬ ಮಧ್ಯಂತರ ಕೋರಿಕೆಯನ್ನೂ ಕೊಡಿ. ಮಧ್ಯಂತರ ಜೀವನಾಂಶಕ್ಕೂ ಒಂದು ಪ್ರತ್ಯೇಕ ಪುಟ ಇರಲಿ. ಕಾಯ್ದೆಯಲ್ಲಿ ಅವಕಾಶವಿದೆ, ಕೇಳದಿದ್ದರೆ ಕೊಡುವವರು ಅಪರೂಪ.

ಎದುರುದಾರರು ಎಷ್ಟು ಜನರೋ ಅಷ್ಟು ಪ್ರತಿ, ಕಚೇರಿಗೆ ಒಂದು, ನಿಮಗೊಂದು. ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.

ಬರೆದುಕೊಡುವವರಿಲ್ಲದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ, ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು. ಅರ್ಜಿದಾರರು ಮಹಿಳೆಯಾದರೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ವಕೀಲರು ನ್ಯಾಯಮಂಡಳಿಯ ಮುಂದೆ ಬರುವಂತಿಲ್ಲ ಎಂದು ಸೆಕ್ಷನ್ 17 ಹೇಳುತ್ತದೆ, ಆದರೆ ವಕೀಲರ ಕಾಯ್ದೆಯ ಸೆಕ್ಷನ್ 30ರ ಬಲದಿಂದ ಕೆಲವು ಹೈಕೋರ್ಟುಗಳು ಅವರಿಗೆ ಅವಕಾಶ ಕೊಟ್ಟಿವೆ. ಎದುರುಕಡೆ ವಕೀಲರು ಹಾಜರಾದರೆ ಗಾಬರಿಯಾಗಬೇಡಿ, ನೀವೂ ಒಬ್ಬರನ್ನು ಕೇಳಿಕೊಳ್ಳಿ.

ನೋಟಿಸಿನಿಂದ ಆದೇಶದವರೆಗೆ

ಜೀವನಾಂಶದ ಅರ್ಜಿ 90 ದಿನದಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಒಂದು ಸಲ 30 ದಿನ ಹೆಚ್ಚು. ಆದರೆ ಆ 90 ದಿನ ಎಣಿಸುವುದು ಅರ್ಜಿ ಹಾಕಿದ ದಿನದಿಂದಲ್ಲ, ಎದುರುದಾರನಿಗೆ ನೋಟಿಸ್ ಮುಟ್ಟಿದ ದಿನದಿಂದ. ಬಾಗಿಲು ಹಾಕಿದೆ ಎಂಬ ಷರಾದೊಂದಿಗೆ ನೋಟಿಸ್ ವಾಪಸಾದರೆ ಗಡಿಯಾರ ಓಡುವುದೇ ಇಲ್ಲ. ಮಕ್ಕಳ ಮನೆ ವಿಳಾಸ, ಕೆಲಸದ ಜಾಗದ ವಿಳಾಸ, ಫೋನ್ ನಂಬರ್ ಮೂರನ್ನೂ ಅರ್ಜಿಯಲ್ಲೇ ಕೊಡಿ. ನೋಟಿಸ್ ಮುಟ್ಟಿಯೂ ಬೇಕೆಂದೇ ಬಾರದಿದ್ದರೆ ಏಕಪಕ್ಷೀಯವಾಗಿ ವಿಚಾರಣೆ ಮುಗಿಸಬಹುದು, ಅದನ್ನು ನೀವೇ ಕೇಳಬೇಕು.

ವಿಚಾರಣೆಗೆ ಮುಂಚೆ ಕಡತ ಸಂಧಾನ ಅಧಿಕಾರಿಗೆ ಹೋಗಬಹುದು, ಅವರಿಗೆ ಒಂದು ತಿಂಗಳ ಗಡುವು. ಸಂಧಾನ ಕೆಟ್ಟದ್ದಲ್ಲ, ಅಲ್ಲಿ ಹಾಕುವ ಸಹಿ ಮಾತ್ರ ಜೋಪಾನ. 'ಇನ್ನು ಮುಂದೆ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ' ಎಂಬ ಹೇಳಿಕೆಗೆ ಒಪ್ಪಿದರೆ ನಾಳೆ ಅದನ್ನು ಜಾರಿ ಮಾಡಿಸಲು ಯಾರಿಗೂ ಆಗದು. ಎಷ್ಟು ಹಣ, ಯಾವ ತಾರೀಖಿನೊಳಗೆ, ಯಾವ ಖಾತೆಗೆ, ಆಸ್ಪತ್ರೆ ಖರ್ಚು ಯಾರದು, ಎಲ್ಲಿ ವಾಸ, ಇಷ್ಟೂ ಅಂಕಿ ಸಮೇತ ಇದ್ದರೆ ಮಾತ್ರ ಸಹಿ.

ಮಗನನ್ನು ಮನೆಯಿಂದ ಹೊರಹಾಕಿ ಎಂಬ ಕೋರಿಕೆಗೆ ಕಾಯ್ದೆಯಲ್ಲಿ ನೇರ ಪದಗಳಿಲ್ಲ. ಹಿರಿಯರ ರಕ್ಷಣೆಗೆ ಅಗತ್ಯವೆನಿಸಿದರೆ ನ್ಯಾಯಮಂಡಳಿ ಹಾಗೆ ಆದೇಶಿಸಬಹುದು ಎಂದು ಸುಪ್ರೀಂ ಕೋರ್ಟ್ ಒಪ್ಪಿದೆ. ಆದರೆ 2020ರ ಡಿಸೆಂಬರ್‌ನ ತೀರ್ಪು, ಬೆಂಗಳೂರಿನಿಂದ ಹೋದ ಪ್ರಕರಣ ಅದು, ಇನ್ನೊಂದು ಗೆರೆಯನ್ನೂ ಎಳೆದಿದೆ: ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸೊಸೆಗಿರುವ ವಾಸದ ಹಕ್ಕನ್ನು ಈ ಚುಟುಕು ವಿಚಾರಣೆಯಲ್ಲಿ ಅಳಿಸಿಹಾಕಲು ಬರುವುದಿಲ್ಲ. ಮಗ ಸೊಸೆಯ ಜಗಳದಲ್ಲಿ ಸೊಸೆಯನ್ನು ಹೊರದಬ್ಬಲು ಅತ್ತೆ ಮಾವನ ಹೆಸರಲ್ಲಿ ಹಾಕಿಸುವ ಅರ್ಜಿಗಳು ಇದ್ದೇ ಇವೆ. ಅಂಥವುಗಳಿಂದ ನಿಜವಾದ ಹಿರಿಯರ ಅರ್ಜಿಯನ್ನೂ ಅನುಮಾನದಿಂದ ನೋಡುವಂತಾಗಿದೆ.

ಮೇಲ್ಮನವಿ ಜಿಲ್ಲಾಧಿಕಾರಿಯ ಬಳಿ, 60 ದಿನದೊಳಗೆ. ಕಾಯ್ದೆಯ ಪದಗಳ ಪ್ರಕಾರ ಈ ಹಕ್ಕು ತಂದೆತಾಯಿ ಮತ್ತು ಹಿರಿಯ ನಾಗರಿಕರಿಗೆ. ಸೋತ ಮಕ್ಕಳು ಸಾಮಾನ್ಯವಾಗಿ ಹೈಕೋರ್ಟಿಗೆ ರಿಟ್ ಹಾಕುತ್ತಾರೆ.

ಆದೇಶ ಕೈಗೆ ಬಂದ ಮೇಲೆ

ಆದೇಶದ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಆದೇಶವಾದ 30 ದಿನದೊಳಗೆ ಹಣ ಜಮೆಯಾಗಬೇಕು, ನೇರ ನಿಮ್ಮ ಬ್ಯಾಂಕ್ ಖಾತೆಗೆ ಎಂದು ಆದೇಶದಲ್ಲೇ ಬರೆಸಿಕೊಳ್ಳಿ. ಕೈಯಲ್ಲಿ ಕೊಟ್ಟೆ ಎಂಬ ವಾದಕ್ಕೆ ಎಡೆ ಇರುವುದಿಲ್ಲ.

ಕೊಡದೆ ಹೋದರೆ ದಂಡ ವಸೂಲಿಯ ರೀತಿಯಲ್ಲೇ ವಾರಂಟ್ ಹೊರಡಿಸಿ ವಸೂಲು ಮಾಡಬಹುದು, ಆಮೇಲೂ ಬಾಕಿ ಉಳಿದರೆ ಒಂದು ತಿಂಗಳವರೆಗೆ ಅಥವಾ ಹಣ ಕಟ್ಟುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಜೈಲು. ಆದರೆ ಬಾಕಿ ಬಿದ್ದ ದಿನದಿಂದ ಮೂರು ತಿಂಗಳೊಳಗೆ ವಸೂಲಿ ಅರ್ಜಿ ಹಾಕದಿದ್ದರೆ ಆ ಹಣಕ್ಕೆ ವಾರಂಟ್ ಸಿಗುವುದಿಲ್ಲ. 'ಪಾಪ, ಮುಂದಿನ ತಿಂಗಳು ಕೊಡುತ್ತಾನೆ' ಎಂದು ಹತ್ತು ತಿಂಗಳು ಕಾದ ತಾಯಿಗೆ ಹಿಂದಿನ ಏಳು ತಿಂಗಳ ಹಣಕ್ಕೆ ಈ ಬಾಗಿಲು ಮುಚ್ಚಿರುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಎರಡನೇ ತಿಂಗಳು ತಪ್ಪಿದ ಕೂಡಲೇ ಅರ್ಜಿ ಕೊಡಿ.

ನೋಡಿಕೊಳ್ಳುವ ಹೊಣೆ ಹೊತ್ತವರು ಹಿರಿಯರನ್ನು ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯಲ್ಲೋ ಪೂರ್ತಿ ತೊರೆಯುವ ಉದ್ದೇಶದಿಂದ ಬಿಟ್ಟುಹೋದರೆ ಅದು ಬೇರೆಯೇ ಅಪರಾಧ: ಸೆಕ್ಷನ್ 24, ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇದಕ್ಕೆ ಮಾತ್ರ ಪೊಲೀಸ್ ಠಾಣೆಗೇ ಹೋಗಬೇಕು. ಸಂಜ್ಞೇಯ ಅಪರಾಧ, ಅಂದರೆ ಪೊಲೀಸರೇ ನೇರವಾಗಿ ಕೇಸು ದಾಖಲಿಸಬಹುದಾದ ಅಪರಾಧವಾದ್ದರಿಂದ 'ಎಸಿ ಹತ್ತಿರ ಹೋಗಿ' ಎಂದು ಸಾಗಹಾಕುವಂತಿಲ್ಲ.

ದಾನಪತ್ರ ಶೂನ್ಯವೆಂದು ಆದೇಶವಾದರೆ ಪಹಣಿಯಲ್ಲಿ ಹೆಸರು ತಾನಾಗಿ ಬದಲಾಗುವುದಿಲ್ಲ. ದೃಢೀಕೃತ ಪ್ರತಿಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟು ನಮೂದು ಮಾಡಿಸಿ, ಜಮೀನಾದರೆ ತಹಶೀಲ್ದಾರ್ ಕಚೇರಿಯಲ್ಲಿ ಮ್ಯುಟೇಷನ್‌ಗೆ (ಪಹಣಿಯಲ್ಲಿ ಹೆಸರು ಬದಲಾವಣೆಗೆ), ಪಟ್ಟಣದ ಮನೆಯಾದರೆ ಖಾತೆ ಬದಲಾವಣೆಗೆ ಅರ್ಜಿ ಹಾಕಿ. ಕೆಲವು ವಾರ ಬಿಟ್ಟು ಹೊಸ ಇಸಿ ಮತ್ತು ಪಹಣಿ ತೆಗೆಸಿ ನಿಮ್ಮ ಹೆಸರು ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ಆ ಎರಡು ಹಾಳೆಗಳನ್ನೇ ಲಗತ್ತಿಸಿ ಎಸಿಯವರಿಗೆ ಜ್ಞಾಪನ ಕೊಡಿ.